ಗ್ರಂಥಾಲಯ ಸಿಬ್ಬಂದಿಯ ಉತ್ಸಾಹ ಎಲ್ಲಿ ಹೋಗುತ್ತದೆ? ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮೂರು ಜಿಲ್ಲೆಗಳ ಕಾಲೇಜು ಗ್ರಂಥಾಲಯ, ನಗರ ಗ್ರಂಥಾಲಯ, ಅರಿವು ಕೇಂದ್ರ ಅಂತ ಕರೆಯುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಕೆಲಸ ಮಾಡುವವರು ಕೇಳುವ ಪ್ರಶ್ನೆಗಳಿವು. ಅವರ ಮೇಲಿರುವ ಪ್ರಿನ್ಸಿಪಾಲರು, ಪಿಡಿಒಗಳು, ಆಡಳಿತ ಮಂಡಳಿಯವರು ಕೇಳುವ ಪ್ರಶ್ನೆಗಳೂ ಇವೆ. ನಾನು ರಾಯಚೂರಿನಲ್ಲಿ ಇದೇ ವೃತ್ತಿಯಲ್ಲಿ ಇದ್ದೇನೆ. ಹಾಗಾಗಿ ಸಿಬ್ಬಂದಿಯ ಪರವಾಗಿ ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ.

ಸಂಬಳ ಜಾಸ್ತಿ ಮಾಡಿದರೆ ಎಲ್ಲ ಸರಿ ಹೋಗುತ್ತೆ, ಅಲ್ವಾ?

ಅರ್ಧ ಮಾತ್ರ. ನಮ್ಮ ಕಡೆ ಸಂಬಳ ಎಷ್ಟು ಅನ್ನೋದಕ್ಕಿಂತ ಮೊದಲು ಅದು ಯಾವಾಗ ಬರುತ್ತೆ ಅನ್ನೋದು ದೊಡ್ಡ ಪ್ರಶ್ನೆ. ಏಜೆನ್ಸಿ ಮೂಲಕ ಬಂದ ಹುಡುಗನಿಗೆ ಮೂರು ತಿಂಗಳ ಸಂಬಳ ಒಟ್ಟಿಗೆ ಬಂತು ಅಂದರೆ, ಆ ಮೂರು ತಿಂಗಳೂ ಅವನು ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸಿ ದಿನ ದೂಡಿದ್ದಾನೆ ಅಂತ ಅರ್ಥ. ಅವನು ಕೌಂಟರ್‌ನಲ್ಲಿ ನಗುನಗುತ್ತಾ ಮಾತಾಡಬೇಕು ಅಂತ ನಾವು ಬಯಸುತ್ತೇವೆ.

ಫ್ರೆಡರಿಕ್ ಹರ್ಜ್‌ಬರ್ಗ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ ಪಿಟ್ಸ್‌ಬರ್ಗ್ ಸುತ್ತಲಿನ ಸುಮಾರು 200 ಎಂಜಿನಿಯರ್‌ಗಳು ಮತ್ತು ಲೆಕ್ಕಿಗರನ್ನು ಮಾತಾಡಿಸಿ 1959ರಲ್ಲಿ ಒಂದು ವಿಚಾರ ಮುಂದಿಟ್ಟರು. ಸಂಬಳ, ಕೋಣೆ, ಮೇಲಧಿಕಾರಿಯ ನಡವಳಿಕೆ, ಕೆಲಸದ ಭದ್ರತೆ ಇವೆಲ್ಲ ಕೆಟ್ಟರೆ ಮನುಷ್ಯನಿಗೆ ಅಸಮಾಧಾನ ಆಗುತ್ತದೆ. ಸರಿಯಾದರೆ ಅಸಮಾಧಾನ ಹೋಗುತ್ತದೆ, ಅಷ್ಟೇ. ಮನಸ್ಸಿಟ್ಟು ಕೆಲಸ ಮಾಡಿಸೋದು ಬೇರೆ ಸಂಗತಿಗಳು: ಸಾಧಿಸಿದೆ ಅನ್ನೋ ಭಾವನೆ, ಅದನ್ನು ಇನ್ನೊಬ್ಬರು ಗುರುತಿಸೋದು, ಜವಾಬ್ದಾರಿ, ಬೆಳವಣಿಗೆ. ಈ ವಾದಕ್ಕೆ ವಿರೋಧ ಬಹಳ ಬಂದಿದೆ. ಆದರೂ ಗ್ರಂಥಾಲಯದಲ್ಲಿ ನಿಂತು ನೋಡಿದರೆ ಅದರಲ್ಲಿ ಹುರುಳಿದೆ ಅಂತ ಗೊತ್ತಾಗುತ್ತದೆ. ಒಳ್ಳೆಯ ಸಂಬಳ ಇದ್ದೂ ದಿನವಿಡೀ ಸುಮ್ನೆ ಕೂರುವವರನ್ನು ನೋಡಿದ್ದೇನೆ. ಕಡಿಮೆ ಗೌರವಧನದಲ್ಲಿ ಮಕ್ಕಳನ್ನು ಸೇರಿಸಿ ಕಥೆ ಓದಿಸುವವರನ್ನೂ ನೋಡಿದ್ದೇನೆ. ಹಾಗಂತ ಎರಡನೆಯವರನ್ನು ತೋರಿಸಿ "ನೋಡಿ, ದುಡ್ಡು ಮುಖ್ಯ ಅಲ್ಲ" ಅಂತ ಯಾರೂ ಹೇಳಬಾರದು. ಅದು ಅನ್ಯಾಯ. ಅಂಥವರು ಎಷ್ಟು ವರ್ಷ ತಡೆದಾರು?

ಇವರು ಸೋಮಾರಿಗಳು ಅಂತ ಎಲ್ಲರೂ ಹೇಳ್ತಾರಲ್ಲ?

ಹೇಳುತ್ತಾರೆ. ಓದುಗ ಒಳಗೆ ಬಂದಾಗ ಕಾಣೋದು ಒಬ್ಬ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿರುವುದು. ಹಿಂದಿನ ಕೋಣೆಯಲ್ಲಿ ಕಟ್ಟು ಬಿಚ್ಚದ ಪುಸ್ತಕ ಯಾಕೆ ಬಿದ್ದಿವೆ, ಕಂಪ್ಯೂಟರ್ ಯಾಕೆ ಕೆಟ್ಟು ನಿಂತಿದೆ ಅನ್ನೋದು ಕಾಣುವುದಿಲ್ಲ.

ಬ್ಲಂಬರ್ಗ್ ಮತ್ತು ಪ್ರಿಂಗಲ್ ಅನ್ನೋ ಇಬ್ಬರು ಸಂಶೋಧಕರು 1982ರಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಹೇಳಿದರು. ಕೆಲಸ ಆಗಬೇಕಾದರೆ ಮೂರು ಬೇಕು: ಮಾಡಲು ಬರಬೇಕು, ಮಾಡಲು ಮನಸ್ಸಿರಬೇಕು, ಮಾಡಲು ಅವಕಾಶ ಇರಬೇಕು. ನಾವು ಬೈಯುವಾಗ ಎರಡನೆಯದನ್ನು ಮಾತ್ರ ಹಿಡಿದುಕೊಳ್ಳುತ್ತೇವೆ. ತರಬೇತಿ ಕೊಟ್ಟಿದ್ದೇವಾ, ಲೇಬಲ್ ಪೇಪರ್ ತರಿಸಿಕೊಟ್ಟಿದ್ದೇವಾ, ಹೊಸ ಪುಸ್ತಕ ಕೊಂಡು ಎಷ್ಟು ವರ್ಷ ಆಯಿತು, ಇದನ್ನು ಕೇಳೋದೇ ಇಲ್ಲ. ಇನ್ನೊಂದು ಮಾತು. ಅವಕಾಶ ಇಲ್ಲದೆ ಐದಾರು ವರ್ಷ ಕೂತರೆ ಮನಸ್ಸೂ ಹೋಗುತ್ತದೆ, ಕಲಿತಿದ್ದೂ ಮರೆಯುತ್ತದೆ. ಆಮೇಲೆ ಸೌಕರ್ಯ ಕೊಟ್ಟರೂ ಆ ಮನುಷ್ಯ ಕೂಡಲೇ ಏಳುವುದಿಲ್ಲ. ಅದಕ್ಕೆ ತಾಳ್ಮೆ ಬೇಕು.

ಪುಸ್ತಕ ಇವೆ, ಆದರೆ ಕಪಾಟಿಗೆ ಕೀಲಿ ಹಾಕಿರ್ತಾರೆ. ಕೇಳಿದರೆ ಸಿಡುಕುತ್ತಾರೆ. ಯಾಕೆ?

ಭಯ. ನನ್ನ ಅಭಿಪ್ರಾಯದಲ್ಲಿ ನಮ್ಮ ಗ್ರಂಥಾಲಯಗಳಲ್ಲಿ ಕೆಲಸ ಕೆಡಿಸುವ ಕಾರಣಗಳಲ್ಲಿ ಇದೇ ಮೊದಲನೆಯದು.

ಪುಸ್ತಕ ಕಳೆದರೆ ಅದು ಗ್ರಂಥಪಾಲಕರ ತಲೆಗೆ. ಸ್ಟಾಕ್ ವೆರಿಫಿಕೇಶನ್, ಅಂದರೆ ಪುಸ್ತಕ ಎಣಿಕೆ, ಆದಾಗ ಎಷ್ಟು ಪುಸ್ತಕ ಸಿಗಲಿಲ್ಲ ಅಂತ ಪಟ್ಟಿ ಬರುತ್ತದೆ, ಆಡಿಟ್‌ನಲ್ಲಿ ಅದೇ ಆಕ್ಷೇಪಣೆ ಆಗುತ್ತದೆ, ವರ್ಗಾವಣೆ ಆದರೆ ಚಾರ್ಜ್ ಕೊಡಲು ಆಗುವುದಿಲ್ಲ, ನಿವೃತ್ತಿ ಆಗುವಾಗ ಏನೂ ಬಾಕಿ ಇಲ್ಲ ಅನ್ನೋ ಬೇಬಾಕಿ ಪತ್ರ ಸಿಗದೆ ಪಿಂಚಣಿ ಕಾಗದ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಈ ತೊಂದರೆ ಅನುಭವಿಸಿದ ಒಬ್ಬ ಹಿರಿಯರನ್ನು ನೋಡಿದ ಕಿರಿಯ ಗ್ರಂಥಪಾಲಕ ಏನು ಕಲಿಯುತ್ತಾನೆ? ಕೀಲಿ ಹಾಕೋದನ್ನು. ಪುಸ್ತಕ ಹೊರಗೆ ಹೋಗದಿದ್ದರೆ ಕಳೆಯುವುದೂ ಇಲ್ಲ. ಕೊಟ್ಟವನಿಗೆ ಶಿಕ್ಷೆ ಇದೆ, ಕೊಡದವನಿಗೆ ಏನೂ ಇಲ್ಲ. ಇಂಥ ಲೆಕ್ಕದಲ್ಲಿ ಬುದ್ಧಿವಂತರು ಕೊಡದೇ ಇರುತ್ತಾರೆ.

ಆದರೆ ನಿಯಮ ಇಷ್ಟು ಕಠಿಣವಾಗಿ ಇರಲೇಬೇಕು ಅಂತೇನಿಲ್ಲ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು, 2017 ನೋಡಿ. ಅದರಲ್ಲಿ 215ನೇ ನಿಯಮ ಗ್ರಂಥಾಲಯ ಪುಸ್ತಕಗಳದ್ದು. ವರ್ಷದಲ್ಲಿ ಎರವಲು ಕೊಟ್ಟ ಅಥವಾ ಒಳಗೇ ಓದಿದ ಪ್ರತಿ 1000 ಪುಸ್ತಕಕ್ಕೆ 5 ಪುಸ್ತಕ ಕಳೆದರೆ ಅದನ್ನು ಸಹಜ ನಷ್ಟ ಅಂತ ಒಪ್ಪಬಹುದು. ಷರತ್ತು ಒಂದೇ, ಆ ನಷ್ಟಕ್ಕೆ ಸಿಬ್ಬಂದಿಯ ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಾರಣ ಆಗಿರಬಾರದು. 1000 ರೂಪಾಯಿಗಿಂತ ಜಾಸ್ತಿ ಬೆಲೆಯ ಪುಸ್ತಕ ಹೋದರೆ, ಅಥವಾ ಬೆಲೆ ಎಷ್ಟೇ ಇರಲಿ ಅಪರೂಪದ ಪುಸ್ತಕ ಹೋದರೆ, ವಿಚಾರಣೆ ಮಾಡಬೇಕು. ಎಣಿಕೆಗೂ ಲೆಕ್ಕ ಇದೆ. 20,000 ಪುಸ್ತಕದವರೆಗೆ ಪ್ರತಿ ವರ್ಷ ಪೂರ್ತಿ ಎಣಿಕೆ, 20,000ದಿಂದ 50,000ದವರೆಗೆ ಮೂರು ವರ್ಷಕ್ಕೊಮ್ಮೆಯಾದರೂ ಎಣಿಕೆ, ಅದಕ್ಕೂ ಮೇಲಿದ್ದರೆ ಮೂರು ವರ್ಷದೊಳಗೆ ಒಮ್ಮೆ ಮಾದರಿ ಎಣಿಕೆ ಸಾಕು.

ಈ ನಿಯಮದ ಒಳಗಿನ ಬುದ್ಧಿ ನನಗೆ ಬಹಳ ಇಷ್ಟ. ಪುಸ್ತಕ ಹೆಚ್ಚು ಓಡಾಡಿದಷ್ಟೂ ಮನ್ನಾ ಮಾಡುವ ಮಿತಿಯೂ ದೊಡ್ಡದಾಗುತ್ತದೆ. ವರ್ಷಕ್ಕೆ 20,000 ಸಲ ಪುಸ್ತಕ ಓದುಗರ ಕೈಗೆ ಹೋಗುವ ಕಾಲೇಜಿನಲ್ಲಿ 100 ಪುಸ್ತಕ ಕಳೆದರೂ ಅದು ಸಹಜ. ಯಾರಿಗೂ ಪುಸ್ತಕ ಕೊಡದ ಗ್ರಂಥಾಲಯದಲ್ಲಿ ಒಂದು ಕಳೆದರೂ ಉತ್ತರ ಹೇಳಬೇಕು.

ಇದು ಕೇಂದ್ರದ ನಿಯಮ. ರಾಜ್ಯದ ಕಾಲೇಜುಗಳು, ಖಾಸಗಿ ಸಂಸ್ಥೆಗಳು ತಮ್ಮ ತಮ್ಮ ನಿಯಮಗಳ ಕೆಳಗೆ ಬರುತ್ತವೆ. ಆದರೆ ಖಾಸಗಿ ಮತ್ತು ಅನುದಾನಿತ ಕಾಲೇಜಿನ ಆಡಳಿತ ಮಂಡಳಿ ಇದೇ ಮಾದರಿಯಲ್ಲಿ ಒಂದು ಠರಾವು ಮಾಡಲು ಯಾರೂ ಅಡ್ಡಿ ಮಾಡುವುದಿಲ್ಲ. ಸರ್ಕಾರಿ ಸಂಸ್ಥೆಯಲ್ಲಿದ್ದರೆ ಗ್ರಂಥಾಲಯ ಸಮಿತಿಯ ಮುಂದೆ ಇಟ್ಟು ಇಲಾಖೆಗೆ ಬರೆಯಬಹುದು.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರುವುದು ಬಳಕೆಗೆ ಅಂತ. ಗ್ರಂಥಾಲಯ ವಿಜ್ಞಾನ ಓದಿದ ಪ್ರತಿಯೊಬ್ಬರೂ ಇದನ್ನು ಪರೀಕ್ಷೆಯಲ್ಲಿ ಬರೆದಿರುತ್ತಾರೆ. ಮದರಾಸು ವಿಶ್ವವಿದ್ಯಾಲಯದಲ್ಲಿ ಅವರು ಓದುಗರನ್ನು ನೇರವಾಗಿ ಕಪಾಟಿನ ಹತ್ತಿರ ಬಿಟ್ಟರು. ಕೆಲಸಕ್ಕೆ ಸೇರಿದ ಮೇಲೆ ನಾವು ಆ ಸೂತ್ರ ಮರೆಯುವುದಿಲ್ಲ. ಅದನ್ನು ಪಾಲಿಸಿದರೆ ಕೈಯಿಂದ ದುಡ್ಡು ಕಟ್ಟಬೇಕು ಅಂತ ಗೊತ್ತಾಗುತ್ತದೆ, ಅದಕ್ಕೇ ಬಿಡುತ್ತೇವೆ.

ನಮ್ಮ ಕಡೆ ಬಿಸಿಲಿಗೆ ಯಾರು ತಾನೇ ಕೆಲಸ ಮಾಡ್ತಾರೆ?

ಬಿಸಿಲನ್ನು ನೆಪ ಅಂತ ತಳ್ಳಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಅದಕ್ಕೇ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳಿಗೆ ಬೇಸಿಗೆಯಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರ ವೇಳೆ ಮಾಡುವ ಪದ್ಧತಿ ಇರೋದು. ಆದರೆ ಬಹಳ ಗ್ರಂಥಾಲಯಗಳಿಗೆ ಈ ಸೌಲಭ್ಯ ಉಪಯೋಗ ಆಗುವುದಿಲ್ಲ. ಎಫ್‌ಡಿಎ, ಪಿಎಸ್‌ಐ, ಪಿಡಿಒ ಪರೀಕ್ಷೆಗೆ ಓದುವ ಹುಡುಗರು ಮನೆಯಲ್ಲಿ ಜಾಗ ಇಲ್ಲ, ಫ್ಯಾನ್ ಇಲ್ಲ ಅಂತ ಮಧ್ಯಾಹ್ನವೇ ಬಂದು ಕೂರುತ್ತಾರೆ. ಅವರನ್ನು ಹೊರಗೆ ಕಳಿಸೋದಕ್ಕೆ ಆಗುತ್ತಾ? ಆಗಲ್ಲ. ಹಾಗಾದರೆ ಒಳಗೆ ಇರುವವರಿಗೆ ಜಳ ಕಡಿಮೆ ಮಾಡಬೇಕು.

ಆರ್‌ಸಿಸಿ ಅಥವಾ ತಗಡಿನ ಚಾವಣಿಗೆ ಬೇಸಿಗೆಗೆ ಮುಂಚೆ ಬಿಳಿ ಬಣ್ಣ ಅಥವಾ ಸುಣ್ಣ ಹೊಡೆಸಿ. ಬಿಸಿಲು ವಾಪಸ್ ಹೋಗುತ್ತದೆ, ಒಳಗಿನ ಬಿಸಿ ಇಳಿಯುತ್ತದೆ, ಖರ್ಚೂ ಕಡಿಮೆ. ಇಶ್ಯೂ ಕೌಂಟರ್ ಪಶ್ಚಿಮದ ಕಿಟಕಿಯ ಪಕ್ಕ ಇದ್ದರೆ ಅಲ್ಲಿಂದ ಎತ್ತಿ. ಯಾವ ತಲೆ ಇದ್ದವರು ಅಲ್ಲಿ ಇಟ್ಟರೋ, ಸಂಜೆ ನಾಲ್ಕಕ್ಕೆ ಅಲ್ಲಿ ಕೂತು ನೋಡಿದರೆ ಗೊತ್ತಾಗುತ್ತದೆ. ನಮ್ಮ ಒಣ ಹವೆಗೆ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದರ ಗಾಳಿ ನೇರ ಪುಸ್ತಕದ ರ‍್ಯಾಕಿಗೆ ಬಡಿಯದ ಹಾಗೆ ಇಡಿ. ಪುಸ್ತಕಕ್ಕೆ ತೇವ ಆದರೆ ಬೂಸಲು ಬರುತ್ತದೆ. ಕರೆಂಟ್ ಹೋದಾಗ ಎರಡು ಫ್ಯಾನ್ ತಿರುಗಿಸುವಷ್ಟು ಇನ್ವರ್ಟರ್ ಇರಲಿ. ಇನ್ನು ಕುಡಿಯುವ ನೀರು. ಇದನ್ನು ಬರೆಯಬೇಕಾಗಿ ಬಂದಿರೋದೇ ಬೇಸರ.

ಧೂಳಿನಿಂದ ಕೆಮ್ಮು, ಸೀನು. ಇದು ನಮ್ಮ ಹಣೆಬರಹವಾ?

ಅಲ್ಲ. ಹಳೆ ಕಾಗದದ ಧೂಳು, ಬೂಸಲು ಎರಡೂ ಶ್ವಾಸಕ್ಕೆ ಕೆಟ್ಟದ್ದು. ಅಸ್ತಮಾ ಇರುವವರಿಗೆ ಇನ್ನೂ ಕಷ್ಟ. ರ‍್ಯಾಕ್ ಒರೆಸುವಾಗ ಮಾಸ್ಕ್, ಕೈಗವಸು ಕೊಡಿ. ಒಣ ಬಟ್ಟೆಯಲ್ಲಿ ಝಾಡಿಸಿದರೆ ಧೂಳು ಮೇಲೆದ್ದು ಮತ್ತೆ ಅಲ್ಲೇ ಕೂರುತ್ತದೆ. ಒಂದು ವ್ಯಾಕ್ಯೂಮ್ ಕ್ಲೀನರ್ ಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಇನ್ನು ಡಾಂಬರ್ ಗುಳಿಗೆ. ಕಪಾಟಿನ ತುಂಬಾ ಅದನ್ನು ಸುರಿಯುವ ಚಟ ಬಿಡಬೇಕು. ನ್ಯಾಫ್ತಲೀನ್ ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿದೆ. ಮುಚ್ಚಿದ ಕೋಣೆಯಲ್ಲಿ ದಿನಾ ಅದರ ವಾಸನೆ ಕುಡಿಯೋದು ಸಿಬ್ಬಂದಿ, ಹುಳ ಅಲ್ಲ. ಗಾಳಿ ಆಡಿಸಿ, ರ‍್ಯಾಕನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ, ಗೆದ್ದಲು ಕಂಡರೆ ಕೂಡಲೇ ಔಷಧ ಹೊಡೆಯುವವರನ್ನು ಕರೆಸಿ.

ಮಹಿಳಾ ಸಿಬ್ಬಂದಿ ಬೇಗ ಬಿಟ್ಟು ಹೋಗ್ತಾರೆ. ಯಾಕೆ?

ಶೌಚಾಲಯ ಇದೆಯಾ? ಅದಕ್ಕೆ ನೀರು ಬರುತ್ತಾ? ಚಿಲಕ ಇದೆಯಾ? ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ ಕೂರುವ ಅಕ್ಕಂದಿರು ನಮ್ಮ ಜಿಲ್ಲೆಗಳಲ್ಲಿ ಇದ್ದಾರೆ. ರಾತ್ರಿ ಎಂಟಕ್ಕೆ ಗ್ರಂಥಾಲಯ ಮುಚ್ಚಿ ಒಬ್ಬರೇ ಕೀಲಿ ಹಾಕಿಕೊಂಡು ಹೋಗಬೇಕು, ಆಮೇಲೆ ಹಳ್ಳಿಗೆ ಬಸ್ಸಿಲ್ಲ. ಇಷ್ಟು ಸರಿಮಾಡದೆ ಉತ್ಸಾಹದ ಬಗ್ಗೆ ಭಾಷಣ ಮಾಡಬೇಡಿ.

ಕಾನೂನು ಗೊತ್ತಿರಲಿ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಜಾಗದಲ್ಲಿ ಕೆಲಸ ಮಾಡುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಒಂದೇ ಕೌಂಟರ್‌ನಲ್ಲಿ ಕಾಯಂ ನೌಕರ, ಹೊರಗುತ್ತಿಗೆ ನೌಕರ ಇಬ್ಬರೂ ಇದ್ದಾರೆ. ಜಗಳ ತಪ್ಪೋದಿಲ್ಲ. ಏನು ಮಾಡೋದು?

ಜಗಳಕ್ಕೆ ಕಾರಣ ಸ್ವಭಾವ ಅಲ್ಲ, ಹೋಲಿಕೆ. ಜಾನ್ ಸ್ಟೇಸಿ ಆಡಮ್ಸ್ ಅನ್ನೋ ಮನಶ್ಶಾಸ್ತ್ರಜ್ಞ 1963ರಲ್ಲಿ ಹೇಳಿದ್ದು ಇದನ್ನೇ. ಮನುಷ್ಯ ತನಗೆ ಸಿಕ್ಕಿದ್ದನ್ನು ಮಾತ್ರ ನೋಡುವುದಿಲ್ಲ, ಪಕ್ಕದವನು ಎಷ್ಟು ದುಡಿದು ಎಷ್ಟು ಪಡೆದ ಅಂತ ತೂಗಿ ನೋಡುತ್ತಾನೆ. ತಕ್ಕಡಿ ಒಂದೇ ಕಡೆ ವಾಲಿದರೆ ತನ್ನ ದುಡಿಮೆ ಕಡಿಮೆ ಮಾಡಿ ಸಮ ಮಾಡಿಕೊಳ್ಳುತ್ತಾನೆ.

ಸಂಬಳದ ಅಂತರ ತೆಗೆಯೋದು ಪ್ರಿನ್ಸಿಪಾಲರ ಕೈಯಲ್ಲಿಲ್ಲ, ಒಪ್ಪುತ್ತೇನೆ. ಆದರೆ ರಜೆ ಪಟ್ಟಿ, ಭಾನುವಾರದ ಪಾಳಿ, ಮೇಲಿನ ರ‍್ಯಾಕ್ ಹತ್ತುವ ಕೆಲಸ, ಚಹಾ ತರುವ ಕೆಲಸ ಇವನ್ನೆಲ್ಲ ಹೊರಗುತ್ತಿಗೆಯವರ ಮೇಲೇ ಹಾಕದೆ ಇರೋದು ಖಂಡಿತ ಅವರ ಕೈಯಲ್ಲಿದೆ. ಪಿಎಫ್, ಇಎಸ್‌ಐ ಕಟ್ಟಿದ ಚಲನ್ ತೋರಿಸಿದ ಮೇಲೆ ಏಜೆನ್ಸಿಯ ಬಿಲ್ ಪಾಸ್ ಮಾಡಿ. ಇದೊಂದು ಶಿಸ್ತು ಇದ್ದರೆ ಆ ಹುಡುಗರಿಗೆ ಸಂಸ್ಥೆ ನಮ್ಮ ಕಡೆ ಇದೆ ಅನ್ನಿಸುತ್ತದೆ.

ಅರಿವು ಕೇಂದ್ರದ ಮೇಲ್ವಿಚಾರಕರ ಕಷ್ಟ ಬೇರೆ ಇದೆಯಾ?

ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರಲ್ಲಿ ಮಕ್ಕಳಿಗಾಗಿ ಓದುವ ಬೆಳಕು ಕಾರ್ಯಕ್ರಮ ಶುರುವಾಯಿತು, ಆಮೇಲೆ ಅರಿವು ಕೇಂದ್ರ ಅನ್ನೋ ಹೆಸರೂ ಬಂತು. ಎಷ್ಟೋ ಕಡೆ ಕಟ್ಟಡಕ್ಕೆ ಬಣ್ಣ ಬಂದಿದೆ, ಮಕ್ಕಳು ಬರುತ್ತಿದ್ದಾರೆ. ಇದು ನಿಜಕ್ಕೂ ಸಂತೋಷದ ವಿಷಯ.

ಆದರೆ ಅಲ್ಲಿ ಇರೋದು ಒಬ್ಬರೇ. ಕಸ ಗುಡಿಸೋದರಿಂದ ಹಿಡಿದು ವರದಿ ಕಳಿಸೋವರೆಗೆ ಎಲ್ಲ ಅವರದ್ದೇ. ಹುಷಾರಿಲ್ಲ ಅಂದರೆ ಬದಲಿ ಇಲ್ಲ. ತಮ್ಮ ಕೆಲಸ ಏನು ಅಂತ ಅರ್ಥ ಆಗುವ ಇನ್ನೊಬ್ಬರು ಇಡೀ ಊರಲ್ಲಿ ಇರುವುದಿಲ್ಲ. ಪಂಚಾಯಿತಿಯಲ್ಲಿ ಯಾರಾದರೂ ರಜೆ ಹಾಕಿದರೆ ಆ ಕೆಲಸಕ್ಕೂ ಇವರನ್ನೇ ಕರೆಯುತ್ತಾರೆ. ದೇವದುರ್ಗ, ಕುಷ್ಟಗಿ, ಸಿರುಗುಪ್ಪದಂಥ ತಾಲ್ಲೂಕಿನಲ್ಲಿ ತಿಂಗಳಿಗೊಮ್ಮೆ ಮೇಲ್ವಿಚಾರಕರೆಲ್ಲ ಒಂದು ಕಡೆ ಸೇರಿ, ಒಬ್ಬೊಬ್ಬರು ಏನು ಮಾಡಿದೆವು ಅಂತ ಹೇಳಿಕೊಂಡರೆ ಸಾಕು, ದೊಡ್ಡ ವ್ಯತ್ಯಾಸ ಆಗುತ್ತದೆ. ವರದಿ ಕೇಳುವ ಸಭೆ ಅಲ್ಲ, ಅವರೇ ಮಾತಾಡುವ ಸಭೆ. ಅದಕ್ಕೆ ಬಸ್ ಚಾರ್ಜ್ ಕೊಡಿ.

ಪುಸ್ತಕ ಕೊಳ್ಳಲು ದುಡ್ಡೇ ಇಲ್ಲ ಅಂದರೆ ಸಿಬ್ಬಂದಿ ಏನು ಮಾಡ್ಬೇಕು?

1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ 6% ಗ್ರಂಥಾಲಯ ಕರ ವಸೂಲಾಗುತ್ತದೆ. ನಿಮ್ಮ ಮನೆ ತೆರಿಗೆಯ ರಸೀದಿಯಲ್ಲಿ ನೋಡಿ. ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿದ್ದನ್ನು ಗ್ರಂಥಾಲಯಕ್ಕೆ ಸರಿಯಾಗಿ ಕಟ್ಟದೆ ಬಾಕಿ ಉಳಿಸೋದು ಹಳೆಯ ತಕರಾರು. ಈ ಪ್ರಶ್ನೆಯನ್ನು ಸಿಬ್ಬಂದಿ ಕೇಳಲು ಆಗುವುದಿಲ್ಲ. ಓದುಗರು ಕೇಳಬೇಕು.

ಕಂಪ್ಯೂಟರ್ ಬಂದ ಮೇಲೆ ಹಿರಿಯ ಸಿಬ್ಬಂದಿ ಹಿಂದೆ ಸರಿದಿದ್ದಾರೆ. ಹೇಗೆ ಕಲಿಸೋದು?

ಕೊಹಾ, ಸೋಲ್, ಇ-ಗ್ರಂಥಾಲಯ, ಯಾವ ಸಾಫ್ಟ್‌ವೇರ್ ಆದರೂ ಪುಸ್ತಕ ಕೊಡೋದು, ವಾಪಸ್ ಪಡೆಯೋದು ಮೊದಲು ಕಲಿಸಿ. ಉಳಿದದ್ದು ಆಮೇಲೆ. ಎರಡು ದಿನದ ಕಾರ್ಯಾಗಾರದಲ್ಲಿ ಎಲ್ಲ ತುರುಕಿ ಸರ್ಟಿಫಿಕೇಟ್ ಕೊಟ್ಟರೆ ಉಪಯೋಗ ಇಲ್ಲ. ಅದೇ ಗ್ರಂಥಾಲಯದ ಕಿರಿಯರೊಬ್ಬರು ಪಕ್ಕದಲ್ಲಿ ಕೂತು, ಜನ ಕಡಿಮೆ ಇರುವ ಹೊತ್ತಲ್ಲಿ, ದಿನಾ ಅರ್ಧ ಗಂಟೆ ಹೇಳಿಕೊಡಲಿ. ವಿದ್ಯಾರ್ಥಿಗಳ ಎದುರು ತಪ್ಪಾದರೆ ನಗುತ್ತಾರೆ ಅನ್ನೋ ಸಂಕೋಚ ಹಿರಿಯರಿಗೆ ಬಹಳ ಇರುತ್ತದೆ. ಅವರ ತಲೆಯಲ್ಲಿರುವ ಮಾಹಿತಿ ಯಾವ ಸಾಫ್ಟ್‌ವೇರ್‌ನಲ್ಲೂ ಇಲ್ಲ ಅನ್ನೋದನ್ನೂ ನೆನಪಿಡಿ. ಯಾವ ಪುಸ್ತಕದ ಹಳೆ ಆವೃತ್ತಿ ಯಾವ ಮೂಲೆಯಲ್ಲಿದೆ ಅಂತ ಅವರನ್ನೇ ಕೇಳಬೇಕು.

ದಿನಾ ಅದೇ ಸೀಲು, ಅದೇ ಲೇಬಲ್. ಬೇಸರ ಹೇಗೆ ಕಳೆಯೋದು?

ಕೆಲಸವನ್ನು ತುಂಡು ತುಂಡು ಮಾಡಿ ಹಂಚಬೇಡಿ. ಒಬ್ಬರು ವರ್ಷವಿಡೀ ಸೀಲು ಒತ್ತುವುದು, ಇನ್ನೊಬ್ಬರು ಅಂಟು ಹಚ್ಚುವುದು ಮಾಡಿದರೆ ಯಾರಿಗೂ ಇದು ನನ್ನ ಕೆಲಸ ಅನ್ನಿಸುವುದಿಲ್ಲ. ಒಬ್ಬರಿಗೆ ಕನ್ನಡ ಸಾಹಿತ್ಯ, ಒಬ್ಬರಿಗೆ ಸ್ಪರ್ಧಾತ್ಮಕ ಪರೀಕ್ಷೆ ವಿಭಾಗ ಅಂತ ಕೊಡಿ. ಏನು ಕೊಳ್ಳಬೇಕು ಅಂತ ಸೂಚಿಸೋದು, ದಾಖಲೆ ಬರೆಯೋದು, ಜೋಡಿಸೋದು, ಓದುಗರಿಗೆ ಹುಡುಕಿ ಕೊಡೋದು ಎಲ್ಲ ಅವರೇ ಮಾಡಲಿ. ತಾನು ತರಿಸಿದ ಪುಸ್ತಕ ಓದಿ ಒಬ್ಬ ಹುಡುಗಿಗೆ ನೌಕರಿ ಸಿಕ್ಕಿತು ಅಂತ ಗೊತ್ತಾದ ಅಟೆಂಡರ್ ಮರುದಿನ ಹೇಗೆ ಕೆಲಸಕ್ಕೆ ಬರುತ್ತಾನೆ ಅಂತ ಒಮ್ಮೆ ನೋಡಿ.

ಕೆಲಸ ಚೆನ್ನಾಗಿ ಆಗ್ತಿದೆಯಾ ಅಂತ ಅಳೆಯೋದು ಹೇಗೆ?

ಹಾಜರಿ ಪುಸ್ತಕದ ಸಹಿಯಿಂದ ಅಲ್ಲ. ಬಂದವರ ಸಂಖ್ಯೆಯೂ ಪೂರ್ತಿ ನಿಜ ಹೇಳುವುದಿಲ್ಲ, ಯಾಕೆಂದರೆ ಎಷ್ಟೋ ಹುಡುಗರು ಸ್ವಂತ ಪುಸ್ತಕ ತಂದು ಜಾಗಕ್ಕಾಗಿ ಮಾತ್ರ ಬರುತ್ತಾರೆ. ಅದೂ ಒಂದು ಸೇವೆಯೇ, ಆದರೆ ಅದನ್ನು ಬೇರೆ ಲೆಕ್ಕ ಹಿಡಿಯಿರಿ. ಕೇಳಿದ ಪುಸ್ತಕ ಸಿಗದೆ ವಾಪಸ್ ಹೋದವರು ಎಷ್ಟು? ಹೊಸ ಪುಸ್ತಕ ಬಂದ ಎಷ್ಟು ದಿನಕ್ಕೆ ರ‍್ಯಾಕಿಗೆ ಬಂತು? ಈ ಎರಡನ್ನು ಒಂದು ವಹಿಯಲ್ಲಿ ಬರೆದಿಡಿ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ಪರಿಶೀಲನೆ ಬಂದಾಗ ಮಾತ್ರ ಅಂಕಿ ತುಂಬಿಸುವ ಕಡೆ ಸಿಬ್ಬಂದಿಗೆ ಅಂಕಿಗಳ ಮೇಲೇ ನಂಬಿಕೆ ಹೋಗಿರುತ್ತದೆ. ಬರೆದದ್ದನ್ನು ಬೈಯಲು ಬಳಸಬೇಡಿ. ಬೈದರೆ ಮುಂದಿನ ತಿಂಗಳಿನಿಂದ ಸುಳ್ಳು ಲೆಕ್ಕ ಬರುತ್ತದೆ.

ಚುನಾವಣೆ, ಗಣತಿ, ಪರೀಕ್ಷೆ ಡ್ಯೂಟಿ?

ತಪ್ಪಿಸಲು ಆಗುವುದಿಲ್ಲ. ಆ ದಿನ ಗ್ರಂಥಾಲಯ ಮುಚ್ಚಿದ್ದಕ್ಕೆ ಸಿಬ್ಬಂದಿಯನ್ನು ಹೊಣೆ ಮಾಡಬೇಡಿ, ಬಾಗಿಲಿಗೆ ಮುಂಚಿತವಾಗಿ ಚೀಟಿ ಅಂಟಿಸಿ.

ಆಗಸ್ಟ್ 12ಕ್ಕೆ ಶಾಲು ಹೊದಿಸಿ ಸನ್ಮಾನ ಮಾಡ್ತೀವಿ. ಸಾಕಲ್ವಾ?

ಗ್ರಂಥಪಾಲಕರ ದಿನಕ್ಕೆ ಶಾಲು ಹೊದಿಸಿ, ತಪ್ಪೇನಿಲ್ಲ. ಆದರೆ ಕಾಲೇಜಿನಲ್ಲಿ ಹೊಸ ಕೋರ್ಸ್ ಶುರು ಮಾಡುವ ಸಭೆಗೆ ಗ್ರಂಥಪಾಲಕರನ್ನು ಕರೆಯದೆ, ಪುಸ್ತಕದ ಪಟ್ಟಿಯನ್ನು ಅವರಿಗೆ ತೋರಿಸದೆ ಅಂಗಡಿಗೆ ಆರ್ಡರ್ ಕೊಟ್ಟರೆ ಆ ಶಾಲಿಗೆ ಬೆಲೆ ಇರುವುದಿಲ್ಲ. ಬಡ್ತಿಯ ದಾರಿ ನಮ್ಮ ವೃತ್ತಿಯಲ್ಲಿ ಕಿರಿದು. ಸೇರಿದ ಹುದ್ದೆಯಲ್ಲೇ ನಿವೃತ್ತಿ ಆಗುವವರು ಬಹಳ. ಅಂಥವರಿಗೆ ಮಾತಿನ ಹಕ್ಕಾದರೂ ಹೆಚ್ಚಾಗುತ್ತಾ ಹೋಗಬೇಕು.

ಕೈಯಲ್ಲಿ ದುಡ್ಡಿಲ್ಲ. ಈ ತಿಂಗಳೇ ಏನಾದರೂ ಮಾಡಬಹುದಾ?

ಕೌಂಟರ್ ಜಾಗ ಬದಲಿಸಿ, ಪಾಳಿ ಪಟ್ಟಿಯನ್ನು ಎಲ್ಲರ ಎದುರು ಮಾಡಿ, ಹಿಂದಿನ ಕೋಣೆಯ ಕಟ್ಟುಗಳನ್ನು ಬಿಚ್ಚಿ. ಎಲ್ಲಕ್ಕಿಂತ ಮೊದಲು ಪುಸ್ತಕ ನಷ್ಟದ ಠರಾವು ಮಾಡಿ. ಉದ್ದ ಬರೆಯಬೇಕಿಲ್ಲ, ಇಷ್ಟು ಸಾಕು: "ವರ್ಷದಲ್ಲಿ ಎರವಲು ನೀಡಿದ ಹಾಗೂ ಒಳಗೆ ಬಳಸಿದ ಪ್ರತಿ 1000 ಪುಸ್ತಕಕ್ಕೆ 5ರವರೆಗಿನ ನಷ್ಟವನ್ನು, ಸಿಬ್ಬಂದಿಯ ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಕಂಡುಬರದಿದ್ದಲ್ಲಿ, ಸಹಜ ನಷ್ಟವೆಂದು ಪರಿಗಣಿಸಿ ದಾಖಲೆಯಿಂದ ತೆಗೆಯುವುದು. ಈ ನಷ್ಟದ ಮೊತ್ತವನ್ನು ಗ್ರಂಥಾಲಯ ಸಿಬ್ಬಂದಿಯ ಸಂಬಳದಿಂದಾಗಲಿ ನಿವೃತ್ತಿ ಸೌಲಭ್ಯದಿಂದಾಗಲಿ ವಸೂಲು ಮಾಡತಕ್ಕದ್ದಲ್ಲ. ವಿರಳ ಗ್ರಂಥಗಳು ಹಾಗೂ 1000 ರೂಪಾಯಿಗಿಂತ ಹೆಚ್ಚು ಬೆಲೆಯ ಪುಸ್ತಕಗಳು ಕಳೆದಲ್ಲಿ ಗ್ರಂಥಾಲಯ ಸಮಿತಿ ವಿಚಾರಣೆ ನಡೆಸುವುದು." ಅಧ್ಯಕ್ಷರ ಸಹಿ ಹಾಕಿಸಿ ಒಂದು ಪ್ರತಿಯನ್ನು ಸಿಬ್ಬಂದಿಯ ಕೈಗೆ ಕೊಡಿ, ಇನ್ನೊಂದನ್ನು ಸ್ಟಾಕ್ ವೆರಿಫಿಕೇಶನ್ ಫೈಲಿನಲ್ಲಿ ಹಾಕಿ.